ಮೈನಸ್ ಒಂದು

ಭಾಷ್ಯಂ ಸರ್ಕಲ್ಲಿನ ಬ್ಯಾಂಕು ಮೊದಲನೇ ಮಹಡಿಯಲ್ಲಿದೆ.
ಇಪ್ಪತ್ತೆರಡು ಮೆಟ್ಟಿಲು. ಎಣಿಸಿದ್ದು ಕೆಳಗೆ ನಿಂತು,
ಕಣ್ಣಲ್ಲಿ.
ಎಟಿಎಮ್ಮಿನ ಗಾರ್ಡು ತನ್ನ ಕುರ್ಚಿ ಬಿಟ್ಟುಕೊಟ್ಟು
ಮೇಲೆ ಹೋಗಿ ಹೇಳಿಬಂದ:
‘ಒಬ್ರು ಅಮ್ಮ ಬಂದವ್ರೆ, ಮನೆ ಸಾಲ ಬೇಕಂತೆ.’

ಆಫೀಸರು ಹಿಪ್ಪರಗಿ, ಇನ್ನೂ ಹುಡುಗ, ಬೆವರುತ್ತ ಇಳಿದು ಬಂದು
ಲ್ಯಾಪ್‌ಟಾಪು ತೊಡೆಯ ಮೇಲಿಟ್ಟು ಮೂರನೇ ಮೆಟ್ಟಿಲಲ್ಲಿ ಕೂತ.
ಪ್ಯಾನು, ಆಧಾರು ಕೊಟ್ಟೆ. ಅಂಗವಿಕಲರ ಕಾರ್ಡೂ ಕೊಟ್ಟೆ,
ಅದರಲ್ಲಿ ನಾನು ಶೇಕಡಾ ಅರವತ್ತು.
ಯಾವ ಅರವತ್ತು ಅಂತ ಬರೆದಿಲ್ಲ, ಉಳಿದದ್ದೋ ಹೋದದ್ದೋ.

‘ಅಕ್ಕಾರ, ನಿಮ್ಮ ಸ್ಕೋರು ಮೈನಸ್ ಒಂದ್ ಬಂದೈತ್ರಿ.’
‘ಸೊನ್ನೆಗಿಂತ ಕಮ್ಮೀನಾ?’
‘ಹಂಗಲ್ರಿ. ನೀವು ಯಾರಂತ ಅದಕ್ಕ ಗೊತ್ತಿಲ್ರಿ.’

ಇಪ್ಪತ್ಮೂರು ವರ್ಷದಿಂದ ಶ್ರೀರಾಂಪುರದ ಅರ್ಧ ಶಟರಿನಲ್ಲಿ
ಕೈಯಲ್ಲಿ ತಿರುಗಿಸುವ ಮಿಷನ್ನಿಟ್ಟುಕೊಂಡು
ಓಕಳೀಪುರದ ತನಕ ಹೆಂಗಸರ ತೋಳು, ಕತ್ತು, ಎದೆ ಬಲ್ಲವಳು ನಾನು.
ಯಾರು ಬಸುರಿ ಅಂತ ಅವರತ್ತೆಗಿಂತ ಮೊದಲು ನನ್ನ ಟೇಪಿಗೆ ಗೊತ್ತು.
ಬಾಡಿಗೆ ಒಂದು ಸಲವೂ ಐದನೇ ತಾರೀಕು ದಾಟಿಲ್ಲ.
ಲೂರ್ದಮ್ಮನ ಚೀಟಿಯಲ್ಲಿ ಹದಿನಾಲ್ಕು ಸುತ್ತು,
ಕಂತು ತಪ್ಪಿಲ್ಲ. ನೋಟ್‌ಬುಕ್ಕು ತೋರಿಸಿದೆ.
ಹುಡುಗ ಪುಟ ತಿರುವಿ, ಮೆಲ್ಲಗೆ ಮುಚ್ಚಿ,
ಎರಡೂ ಕೈಯಲ್ಲಿ ವಾಪಸು ಕೊಟ್ಟ.

ಸಾಲ ಮಾಡಿದವಳಲ್ಲ ಅನ್ನುವುದೇ ನನ್ನ ಜಂಬವಾಗಿತ್ತು.
ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಿದ್ದಳು ಅಮ್ಮ.
ನನ್ನ ಒಂದು ಕಾಲು ಹಾಸಿಗೆಯ ಅರ್ಧಕ್ಕೇ ನಿಲ್ಲುತ್ತೆ,
ಇನ್ನೊಂದು ಮರ್ಯಾದೆಗೆ ಮಡಚಿಕೊಳ್ಳುತ್ತೆ.
ನಿಜ ಹೇಳಬೇಕೆಂದರೆ
ಕೇಳಿದ್ದೆ ಒಂದು ಸಲ, ಮೋಟರಿನ ಮಿಷನ್ನಿಗೆ.
ಅವರು ನನ್ನ ಮುಖ ನೋಡದೆ ಹಿಂದೆ ನಿಂತಿದ್ದ ಅಣ್ಣನ್ನ ಕೇಳಿದರು:
‘ಕಟ್ತಾಳಾ?’
ಅಣ್ಣ ತಡೆದು ತಡೆದು ‘ನೋಡೋಣ’ ಅಂದ.

ಹಿಪ್ಪರಗಿಯ ಉಪಾಯ: ‘ಮೊದಲ ಒಂದು ಸಣ್ಣ ಸಾಲ ಮಾಡ್ರಿ,
ಬ್ಯಾಡಾದ್ದಕ್ಕಾದ್ರೂ ನಡೀತೈತಿ. ಕಟ್ಟಿ ತೋರಸ್ರಿ.’
ಹನ್ನೆರಡು ಕಂತಿಗೆ ಫ್ರಿಜ್ಜು ತಂದೆ.
ಒಂಟಿ ಹೆಂಗಸು, ಅವತ್ತಿನ ಹಾಲು ಅವತ್ತಿಗೇ ಮುಗಿಯುತ್ತೆ.
ಇಡುವುದೇನು? ಇಲಿಗೆ ಹೆದರಿ
ತರಕಾರಿ ಡಬ್ಬದಲ್ಲಿ ಕಾಗದಪತ್ರದ ಫೈಲಿಟ್ಟೆ.
ಲಗ್ಗೆರೆ ಮನೆಯ ಕ್ರಯಪತ್ರದ ನಕಲು, ಅಪ್ಪನ ಮರಣಪತ್ರ, ನನ್ನ ಶೇಕಡಾ ಅರವತ್ತು,
ಬಾಗಿಲು ತೆಗೆದಾಗೆಲ್ಲ ದೀಪ ಹತ್ತಿ
ತಣ್ಣಗೆ ನನ್ನನ್ನೇ ನೋಡುತ್ತಿದ್ದವು.

ವಿಮೆಯವರು ಫೋಟೋ ಕೇಳಿದರು:
ಕ್ಯಾಲಿಪರ್ ಬಿಚ್ಚಿ, ನೇರ ನಿಂತದ್ದು, ಪೂರ್ತಿ ಆಳು.
ಬಿಚ್ಚಿದರೆ ನಿಲ್ಲುವುದು ಹೇಗೆ ಅಂತ ಬರೆದು ಕಳಿಸಿದೆ.
ಇನ್ನೂ ಉತ್ತರ ಬಂದಿಲ್ಲ.
ಮೇಲಿನವರ ಜೊತೆ ಹಿಪ್ಪರಗಿ ಏನು ಜಗಳವಾಡಿದನೋ,
ವಿಮೆ ಇಲ್ಲದೆಯೇ ಸಾಲ ಮಂಜೂರಾಯಿತು.

ಆಷಾಢ. ಯಾರೂ ಬ್ಲೌಸು ಹೊಲಿಸದ, ಮನೆ ಸುದ್ದಿ ಎತ್ತದ ತಿಂಗಳು.
ಬ್ಯಾಂಕಿಗೆ ಆಷಾಢ ಇಲ್ಲ.
ಅದೇ ಮೂರನೇ ಮೆಟ್ಟಿಲು, ಮೂವತ್ತೆಂಟು ಕಡೆ
ಗಂಗಭೈರಮ್ಮ, ಗಂಗಭೈರಮ್ಮ, ಕೈ ಸೋಲುವ ತನಕ.
ಇನ್ನೂರ ನಲವತ್ತು ಕಂತು.
ಒಂದೊಂದಕ್ಕೆ ಮೂವತ್ತಾರು ಲೈನಿಂಗ್ ಬ್ಲೌಸು.
ಮುಗಿದಾಗ ನನಗೆ ಅರವತ್ತೊಂದು.
ದೊಡ್ಡಾಸ್ಪತ್ರೆಯಲ್ಲಿ ‘ಹತ್ತು ದಾಟಿದರೆ ನೋಡೋಣ’ ಅನ್ನಿಸಿಕೊಂಡ ಕೂಸು.
ಇನ್ನಿಪ್ಪತ್ತು ವರ್ಷ ಇರುತ್ತಾಳೆ ಅಂತ
ಮುದ್ರೆ ಒತ್ತಿದ್ದಾರೆ ಈಗ, ಬಡ್ಡಿಯ ಆಸೆಗೇ ಆಗಲಿ.

ಲಗ್ಗೆರೆಯಲ್ಲಿ ಗಾರೆಯವ ಕಾಯುತ್ತಿದ್ದ. ಹೊಸಿಲು ತೆಗಿ ಅಂದೆ.
‘ಹೊಸಿಲಿಲ್ಲದ ಮನೇನಾ? ಲಕ್ಷ್ಮಿ ಎಲ್ಲಿ ನಿಲ್ತಾಳಮ್ಮ?’
‘ನಿಲ್ಲೋದ್ಯಾಕೆ, ಒಳಗೆ ಬಂದು ಕೂತ್ಕೊಳ್ಳಲಿ.’
ಅವನು ತನ್ನ ಟೇಪು ಹಿಡಿದ. ನಾನು ನನ್ನದು.
ಅರ್ಧ ಇಂಚು ವ್ಯತ್ಯಾಸ.
ತಪ್ಪು ಅವನದು.